ಮೆನು ಇರುವುದು ಯಾರಿಗಾಗಿ?

(ಟೆಕ್ಸಾಸಿನ ಮೂರು ಊರುಗಳ ಮೂವರು ಕನ್ನಡಿಗರು ಒಂದು ಭಾನುವಾರ ವಿಡಿಯೊ ಕರೆಯಲ್ಲಿ ಆಡಿದ ಮಾತುಗಳಿವು. ಡಲ್ಲಾಸಿನವರು ಒಂದು ಪುಟ್ಟ ಕನ್ನಡ ಬಳಗದ ವೆಬ್‌ಸೈಟ್ ನೋಡಿಕೊಳ್ಳುತ್ತಾರೆ. ಆಸ್ಟಿನ್ನಿನವರು ವೃತ್ತಿಯಿಂದ ವೆಬ್ ವಿನ್ಯಾಸಕಿ. ಹ್ಯೂಸ್ಟನ್ನಿನವರು ನಿವೃತ್ತ ರಸ್ತೆ ಎಂಜಿನಿಯರು. ಕಣ್ಣು ಮಂಜಾದ ಮೇಲೆ ಪರದೆಯನ್ನು ಹಿಗ್ಗಿಸಿಕೊಂಡು, ಇಲ್ಲವೇ ಸ್ಕ್ರೀನ್ ರೀಡರಿನಿಂದ ಓದಿಸಿಕೊಂಡು ಕೆಲಸ ನಡೆಸುತ್ತಾರೆ. ಮೂವರನ್ನೂ ಊರಿನ ಹೆಸರಿನಿಂದಲೇ ಕರೆದಿದೆ.)

ಡಲ್ಲಾಸ್: ಸೈಟನ್ನು ಹೊಸದಾಗಿ ಮಾಡಿಸೋಣ ಅಂತ ಸಮಿತಿಯಲ್ಲಿ ತೀರ್ಮಾನವಾಯಿತು. ಬಣ್ಣ ಒಪ್ಪಿಗೆಯಾಯಿತು, ಲಾಂಛನ ಒಪ್ಪಿಗೆಯಾಯಿತು. ಮೆನುವಿಗೆ ಬಂದಾಗ ಜಗಳ ಶುರುವಾಯಿತು. ಸದ್ಯ ಮೇಲಿನ ಸಾಲಿನಲ್ಲಿ ಹದಿನಾಲ್ಕು ಹೆಸರಿವೆ. ಒಂದನ್ನು ತೆಗೆಯಿರಿ ಅಂದರೂ ಯಾರೋ ಒಬ್ಬರಿಗೆ ಬೇಸರ.

ಆಸ್ಟಿನ್: ಒಮ್ಮೆ ಓದಿ ಹೇಳಿ.

ಡಲ್ಲಾಸ್: ಮುಖಪುಟ, ಅಧ್ಯಕ್ಷರ ನುಡಿ, ನಮ್ಮ ಧ್ಯೇಯ, ಕಾರ್ಯಕಾರಿ ಸಮಿತಿ, ಹಿಂದಿನ ಸಮಿತಿಗಳು, ಉಪಸಮಿತಿಗಳು, ಬೈಲಾ, ಸಿಂಚನ, ಅಕ್ಷರ ತೋರಣ, ಸ್ಪಂದನ, ಚಿತ್ರಸಂಪುಟ, ಪ್ರಾಯೋಜಕರು, ಸದಸ್ಯತ್ವ, ಸಂಪರ್ಕ.

ಹ್ಯೂಸ್ಟನ್: ಸಿಂಚನ ಅಂದರೆ ಏನು?

ಡಲ್ಲಾಸ್: ವರ್ಷದ ಕಾರ್ಯಕ್ರಮಗಳ ಪಟ್ಟಿ. ಅಕ್ಷರ ತೋರಣ ಅಂದರೆ ಮಕ್ಕಳ ಕನ್ನಡ ತರಗತಿ. ಸ್ಪಂದನ ಅಂದರೆ ದೇಣಿಗೆ.

ಹ್ಯೂಸ್ಟನ್: ನಾನು ಹೃದಯ ತಪಾಸಣೆ ಶಿಬಿರವೇನೋ ಅಂದುಕೊಂಡೆ.

ಆಸ್ಟಿನ್: ಈಗ ಹೀಗೆ ಯೋಚಿಸಿ. ಕೆಲಸದ ಮೇಲೆ ಬೆಂಗಳೂರಿನಿಂದ ನಿಮ್ಮ ಪಕ್ಕದ ಫ್ರಿಸ್ಕೊಗೆ ಬಂದಿಳಿದ ಕುಟುಂಬ. ಮಗಳು ಎರಡನೇ ತರಗತಿ. ಅವಳಿಗೆ ಕನ್ನಡ ಓದು ಬರಹ ಕಲಿಸಬೇಕು; ಪಾಠ ಯಾವ ದಿನ, ಶುಲ್ಕ ಎಷ್ಟು, ಎಲ್ಲಿ ನಡೆಯುತ್ತದೆ ಗೊತ್ತಾಗಬೇಕು. ಈ ಹದಿನಾಲ್ಕರಲ್ಲಿ ಅವರು ಯಾವುದನ್ನು ಒತ್ತುತ್ತಾರೆ?

ಡಲ್ಲಾಸ್: ಅಕ್ಷರ ತೋರಣ.

ಆಸ್ಟಿನ್: ನಿಮಗೆ ಗೊತ್ತಿರುವುದರಿಂದ ಹಾಗಂತೀರಿ. ಅವರು 'ಉಪಸಮಿತಿಗಳು' ಒತ್ತಬಹುದು, 'ನಮ್ಮ ಧ್ಯೇಯ' ಒತ್ತಬಹುದು. ಬಾಬ್ ಬೇಲಿ ಮತ್ತು ಕಾರಿ ವುಲ್ಫ್‌ಸನ್ ಅನ್ನುವವರು ಮೊದಲ ಕ್ಲಿಕ್ಕನ್ನೇ ಹಿಡಿದು ಪರೀಕ್ಷೆ ಮಾಡಿದರು. ಮೊದಲ ಕ್ಲಿಕ್ ಸರಿಯಾದಲ್ಲಿ ಬಿದ್ದರೆ ಕೆಲಸ ಕೈಗೂಡುವ ಸಂಭವ ಶೇಕಡ 87. ತಪ್ಪಾದಲ್ಲಿ ಬಿದ್ದರೆ ಶೇಕಡ 46. ಒಳಪುಟ ಎಷ್ಟೇ ಚೆನ್ನಾಗಿರಲಿ, ಬಾಗಿಲಲ್ಲೇ ದಾರಿ ತಪ್ಪಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅಲ್ಲಿಗೆ ಮುಟ್ಟುವುದೇ ಇಲ್ಲ.

ಹ್ಯೂಸ್ಟನ್: ರಸ್ತೆಯ ಕೆಲಸದಲ್ಲಿ ಇದು ಹಳೆಯ ಪಾಠ. ಅಮೆರಿಕದ ರಸ್ತೆ ಫಲಕಗಳಿಗೆಲ್ಲ ಎಂಯುಟಿಸಿಡಿ ಅಂತ ಒಂದು ಕೈಪಿಡಿ ಇದೆ, ಟೆಕ್ಸಾಸಿಗೆ ಅದರದೇ ರಾಜ್ಯದ ಆವೃತ್ತಿ. ಫ್ರೀವೇ ಎಕ್ಸಿಟ್ ಫಲಕದ ಮೇಲೆ ಎರಡಕ್ಕಿಂತ ಹೆಚ್ಚು ಊರಿನ ಹೆಸರಾಗಲಿ ರಸ್ತೆಯ ಹೆಸರಾಗಲಿ ಹಾಕಬೇಡಿ ಅನ್ನುತ್ತದೆ ಕೈಪಿಡಿ. ಗಂಟೆಗೆ 70 ಮೈಲಿ ವೇಗದಲ್ಲಿ ಹೋಗುವವನ ಕಣ್ಣಿಗೆ ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ನಮ್ಮ ಹೆಸರನ್ನೂ ಸೇರಿಸಿ ಅಂತ ಕೇಳಿಕೊಂಡು ಬರುವವರಿಗೆ ಯಾವತ್ತೂ ಕೊರತೆಯಿಲ್ಲ. ಸೇರಿಸುತ್ತ ಹೋದರೆ ಫಲಕದಲ್ಲಿ ಎಲ್ಲರೂ ಇರುತ್ತಾರೆ, ಓದುವವರು ಮಾತ್ರ ಇರುವುದಿಲ್ಲ.

ಆಸ್ಟಿನ್: ಎಕ್ಸಿಟ್ ತಪ್ಪಿಸಿಕೊಂಡವರ ಗತಿ?

ಹ್ಯೂಸ್ಟನ್: ಟೆಕ್ಸಾಸಿನಲ್ಲಿ ಎಷ್ಟೋ ಕಡೆ ಹೆದ್ದಾರಿಯ ಪಕ್ಕದಲ್ಲೇ ಫ್ರಂಟೇಜ್ ರೋಡ್ ಓಡುತ್ತದೆ. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು, ಸೇತುವೆಯ ಕೆಳಗಿನ ಯು-ಟರ್ನ್ ಹಿಡಿದು, ಸಿಗ್ನಲ್ಲಿಗೂ ಕಾಯದೆ ವಾಪಸು ಬರಬಹುದು. ತಪ್ಪಿದವರಿಗೂ ಅಲ್ಲಿ ಹಿಂತಿರುಗುವ ದಾರಿಯಿದೆ.

ಆಸ್ಟಿನ್: ಸೈಟಿಗೂ ಅದೇ ಬೇಕು. ಮೆನುವಿನಲ್ಲಿ ಯಾವ ಹೆಸರಿತ್ತೋ ಒಳಗೆ ಹೋದಾಗ ಪುಟದ ತಲೆಬರಹದಲ್ಲೂ ಅದೇ ಇರಬೇಕು. ಈಗ ಎಲ್ಲಿದ್ದೀರಿ ಅನ್ನುವುದಕ್ಕೆ ಆ ಹೆಸರಿನ ಕೆಳಗೊಂದು ಗೆರೆ, ಬಂದ ದಾರಿಯಲ್ಲಿ ಹಿಂತಿರುಗಲು ಪುಟದ ನೆತ್ತಿಯ ಮೇಲೊಂದು ಸಣ್ಣ ಜಾಡು. ಒಂದು ಪುಟದಲ್ಲಿ ಮೆನು ಮೇಲೆ, ಇನ್ನೊಂದರಲ್ಲಿ ಎಡಕ್ಕೆ, ಮೂರನೆಯದರಲ್ಲಿ ಮಾಯ, ಹೀಗಾಗಬಾರದು.

ಹ್ಯೂಸ್ಟನ್: ಹೆಸರಿನ ವಿಷಯ ನಿಮ್ಮೂರಿನವರಿಗೇ ಚೆನ್ನಾಗಿ ಗೊತ್ತಿರಬೇಕು. ಆಸ್ಟಿನ್ನಿನಲ್ಲಿ ದಾಖಲೆಯ ಪ್ರಕಾರ ಲೂಪ್ 1 ಅನ್ನುವ ರಸ್ತೆಯನ್ನು ಊರೆಲ್ಲ ಮೋಪ್ಯಾಕ್ ಅನ್ನುತ್ತದೆ. ಅದು ಲೂಪೂ ಅಲ್ಲ, ಸುತ್ತು ಹಾಕುವುದೇ ಇಲ್ಲ. ಹೊಸಬನಿಗೆ ದಾರಿ ಹೇಳುವಾಗ ಲೂಪ್ 1 ಅಂದರೆ ಅವನ ಕಥೆ ಮುಗಿಯಿತು.

ಡಲ್ಲಾಸ್: ನಿಮ್ಮ ಮಾತು ಒಪ್ಪಿದೆ. ಆದರೆ 'ಅಕ್ಷರ ತೋರಣ' ಅಂತ ಹೆಸರಿಟ್ಟವರು ಬಳಗ ಕಟ್ಟಿದ ಹಿರಿಯರು. ಹೊರನಾಡಿನಲ್ಲಿ ಕೂತು ಇಂಥ ನಾಲ್ಕು ಚೆಂದದ ಹೆಸರನ್ನೂ ಉಳಿಸಿಕೊಳ್ಳದಿದ್ದರೆ ಬಳಗ ಯಾಕೆ ಬೇಕು?

ಆಸ್ಟಿನ್: ಹೆಸರನ್ನು ಯಾರು ತೆಗೆಯಿರಿ ಅಂದರು? ತರಗತಿಯ ಬ್ಯಾನರಿನಲ್ಲಿ, ಪ್ರಮಾಣಪತ್ರದಲ್ಲಿ, ಪುಟದೊಳಗೆ ಧಾರಾಳವಾಗಿ ಇರಲಿ. ಮೆನುವಿನಲ್ಲಿ ಮಾತ್ರ 'ಮಕ್ಕಳ ಕನ್ನಡ ತರಗತಿ' ಅಂತಿರಲಿ. ಒಳಗೆ ಬಂದವರು ತೋರಣ ನೋಡಿ ಮೆಚ್ಚುತ್ತಾರೆ. ಒಳಗೇ ಬರದವರಿಗೆ ತೋರಣ ಕಟ್ಟಿ ಏನು ಫಲ?

ಡಲ್ಲಾಸ್: ಇನ್ನೊಂದು ಪ್ರಶ್ನೆ, ಸಮಿತಿಯಲ್ಲಿ ಎಲ್ಲರೂ ಕೇಳಿದ್ದು. ಈಗ ವೆಬ್‌ಸೈಟ್ ನೋಡುವವರು ಯಾರಿದ್ದಾರೆ? ಯುಗಾದಿ ಕಾರ್ಯಕ್ರಮದ ವಿವರ ವಾಟ್ಸಾಪಿನಲ್ಲಿ ಹೋಗುತ್ತದೆ, ಎಲ್ಲರಿಗೂ ತಲುಪುತ್ತದೆ.

ಆಸ್ಟಿನ್: ವಾಟ್ಸಾಪಿನಲ್ಲಿ ಇರುವವರು ಈಗಾಗಲೇ ನಿಮ್ಮವರು. ನಿಮ್ಮನ್ನು ಹುಡುಕಿಕೊಂಡು ಬರುವವರಿಗೆ ಸೈಟೇ ಗತಿ. ಅಷ್ಟೇ ಅಲ್ಲ, ವಾಟ್ಸಾಪಿನ ಕೊಂಡಿ ಒತ್ತಿದವರು ಮುಖಪುಟಕ್ಕೆ ಬರುವುದಿಲ್ಲ, ನೇರವಾಗಿ ಯುಗಾದಿಯ ಪುಟಕ್ಕೆ ಇಳಿಯುತ್ತಾರೆ. ಅಲ್ಲಿಂದ ಸದಸ್ಯತ್ವಕ್ಕೆ ಹೇಗೆ ಹೋಗಬೇಕು ಅನ್ನುವುದನ್ನು ಹೇಳುವುದು ಮೆನು ಒಂದೇ. ಎಷ್ಟೋ ಜನರಿಗೆ ಮುಖಪುಟದ ದರ್ಶನವೇ ಆಗುವುದಿಲ್ಲ, ಸಮಿತಿಗಳು ಮಾತ್ರ ಮುಖಪುಟಕ್ಕೇ ಹೊಡೆದಾಡುತ್ತವೆ.

ಹ್ಯೂಸ್ಟನ್: ಈ ಹದಿನಾಲ್ಕು ಹೆಸರಿಗೆ ಮೂಲ ಎಲ್ಲಿ? ಇವುಗಳಲ್ಲಿ ಆರು ಸಮಿತಿಯ ಬಗ್ಗೆಯೇ ಇವೆ ಅನ್ನುವುದನ್ನು ಗಮನಿಸಿದಿರಾ?

ಆಸ್ಟಿನ್: ಗಮನಿಸಿದೆ. ಮೆಲ್ವಿನ್ ಕಾನ್ವೇ ಅನ್ನುವವರು 1968ರಲ್ಲಿ 'ಡೇಟಮೇಷನ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಸಮಿತಿಗಳು ಹೊಸದನ್ನು ಹೇಗೆ ಕಟ್ಟುತ್ತವೆ ಅನ್ನುವುದೇ ಅದರ ತಲೆಬರಹ. ಯಾವ ಸಂಸ್ಥೆಯೇ ಆಗಲಿ, ಏನನ್ನು ವಿನ್ಯಾಸ ಮಾಡಿದರೂ ಅದರಲ್ಲಿ ತನ್ನದೇ ಒಳಗಿನ ಸಂವಹನ ರಚನೆಯ ಪ್ರತಿರೂಪವನ್ನು ಮೂಡಿಸುತ್ತದೆ ಅಂತ ಅದರ ಸಾರ. ಮೂರು ಉಪಸಮಿತಿ ಇದ್ದರೆ ಮೆನುವಿನಲ್ಲಿ ಮೂರು ಹೆಸರು. ಬಂದವರಿಗೆ ನಿಮ್ಮ ಉಪಸಮಿತಿ ಕಟ್ಟಿಕೊಂಡು ಏನಾಗಬೇಕು?

ಡಲ್ಲಾಸ್: ದೊಡ್ಡ ಕಂಪನಿಗಳಲ್ಲಿ ಹೀಗಿರುವುದಿಲ್ಲ, ಬಿಡಿ. ಅವರ ಹತ್ತಿರ ದುಡ್ಡಿದೆ, ನಿಪುಣರಿದ್ದಾರೆ.

ಆಸ್ಟಿನ್: ನಿಮ್ಮ ಪಕ್ಕದ ಫೋರ್ಟ್ ವರ್ತಿನಲ್ಲೇ ಉದಾಹರಣೆ ಇದೆ. ಅಮೆರಿಕನ್ ಏರ್‌ಲೈನ್ಸಿನ ಕೇಂದ್ರ ಕಚೇರಿ ಅಲ್ಲಿದೆ. 2009ರಲ್ಲಿ ಡಸ್ಟಿನ್ ಕರ್ಟಿಸ್ ಅನ್ನುವ ವಿನ್ಯಾಸಕ ಆ ಕಂಪನಿಗೊಂದು ಬಹಿರಂಗ ಪತ್ರ ಬರೆದ. ನಿಮ್ಮ ಸೈಟು ನೋಡಲಾಗದಂತಿದೆ, ಹೀಗೆ ಮಾಡಬಹುದಿತ್ತಲ್ಲ ಅಂತ ತಾನೇ ಮುಖಪುಟದ ಒಂದು ಮಾದರಿ ಬರೆದು ತೋರಿಸಿದ. ಕಂಪನಿಯ ಒಳಗಿನ ವಿನ್ಯಾಸಕನೊಬ್ಬ ಉತ್ತರ ಬರೆದ. ನಮಗೆ ಚೆನ್ನಾಗಿ ಮಾಡಲು ಬರುವುದಿಲ್ಲ ಅಂತಲ್ಲ. ಒಂದೊಂದು ತುಂಡೂ ಒಂದೊಂದು ವಿಭಾಗದ ಕೈಯಲ್ಲಿದೆ, ಎಲ್ಲರಿಗೂ ಅವರವರ ಹಿತ, ಅವರವರ ಒತ್ತಾಯ ಅನ್ನುವುದು ಅವನ ಉತ್ತರದ ತಾತ್ಪರ್ಯ. ಕರ್ಟಿಸ್ ಬರೆದ ಪ್ರಕಾರ, ಆ ಉತ್ತರಕ್ಕಾಗಿ ಆತ ಕೆಲಸ ಕಳೆದುಕೊಂಡ.

ಹ್ಯೂಸ್ಟನ್: ದುಡ್ಡಿನ ಕೊರತೆ ಅಲ್ಲ ಅಂದಹಾಗಾಯಿತು.

ಆಸ್ಟಿನ್: ಅಲ್ಲವೇ ಅಲ್ಲ. ಮರುವರ್ಷ, 2010ರಲ್ಲಿ, ರ‍್ಯಾಂಡಲ್ ಮನ್ರೋ ತಮ್ಮ 'ಎಕ್ಸ್‌ಕೆಸಿಡಿ' ವ್ಯಂಗ್ಯಚಿತ್ರ ಮಾಲೆಯಲ್ಲಿ ವಿಶ್ವವಿದ್ಯಾಲಯಗಳ ಸೈಟುಗಳ ಮೇಲೆ ಎರಡು ವೃತ್ತ ಬರೆದರು. ಒಂದರಲ್ಲಿ ಮುಖಪುಟದಲ್ಲಿ ಇರುವ ಸಂಗತಿಗಳು, ಇನ್ನೊಂದರಲ್ಲಿ ಜನ ಹುಡುಕಿಕೊಂಡು ಬರುವ ಸಂಗತಿಗಳು. ಎರಡೂ ವೃತ್ತ ಕೂಡುವ ಜಾಗದಲ್ಲಿ ಇದ್ದದ್ದು ವಿಶ್ವವಿದ್ಯಾಲಯದ ಪೂರ್ತಿ ಹೆಸರು ಮಾತ್ರ. ಜನರಿಗೆ ಬೇಕಿದ್ದದ್ದು ಪಾರ್ಕಿಂಗ್ ಮಾಹಿತಿ, ಅರ್ಜಿ ನಮೂನೆ, ಉಪಯೋಗಕ್ಕೆ ಬರುವ ನಕ್ಷೆ. ಇದ್ದದ್ದರಲ್ಲಿ ಒಂದು, ಕೇಳಿ, ಅಧ್ಯಕ್ಷರ ಪತ್ರ.

ಡಲ್ಲಾಸ್: ನಮ್ಮ ಅಧ್ಯಕ್ಷರ ಕಿವಿಗೆ ಈ ಮಾತು ಬೀಳದಿರಲಿ! ಸರಿ, ಕಡಿಮೆ ಮಾಡಿದರೆ ಎಷ್ಟಕ್ಕೆ? ಏಳಕ್ಕಿಂತ ಹೆಚ್ಚು ಇರಬಾರದು ಅಂತ ವಿಜ್ಞಾನವೇ ಹೇಳಿದೆ ಅಂತ ಒಬ್ಬರು ಅಂದರು.

ಆಸ್ಟಿನ್: ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಬಂಧವನ್ನು ಹೀಗೆ ಎಲ್ಲರೂ ಎಳೆದಾಡುತ್ತಾರೆ. ಮನುಷ್ಯ ಒಮ್ಮೆಗೆ ಎಷ್ಟನ್ನು ನೆನಪಿನಲ್ಲಿ ಇಟ್ಟುಕೊಳ್ಳಬಲ್ಲ ಅನ್ನುವುದು ಅವರ ವಿಷಯ. ಮೆನುವನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ, ಅದು ಕಣ್ಣೆದುರೇ ಇರುತ್ತದೆ. ಎಂಟು ಸ್ಪಷ್ಟ ಹೆಸರು ಇರಲಿ, ತೊಂದರೆಯಿಲ್ಲ. ಒಂದನ್ನೊಂದು ಹೋಲುವ ನಾಲ್ಕು ಹೆಸರಿದ್ದರೆ ತೊಂದರೆ. 'ಕಾರ್ಯಕಾರಿ ಸಮಿತಿ', 'ಉಪಸಮಿತಿಗಳು', 'ಹಿಂದಿನ ಸಮಿತಿಗಳು' ಪಕ್ಕಪಕ್ಕದಲ್ಲಿ ಇದ್ದಾಗ ಆಗುವುದು ಅದೇ.

ಡಲ್ಲಾಸ್: ಹಾಗಾದರೆ ಸುಲಭದ ದಾರಿ ಇದೆ. ಫೋನಿನಲ್ಲಿ ಇರುತ್ತದಲ್ಲ, ಮೂರು ಗೆರೆಯ ಗುರುತು, ಹ್ಯಾಂಬರ್ಗರ್ ಮೆನು. ಹದಿನಾಲ್ಕನ್ನೂ ಅದರೊಳಗೆ ಹಾಕಿಬಿಡೋಣ. ಪುಟವೂ ಚೊಕ್ಕ, ಯಾರಿಗೂ ಬೇಸರವಿಲ್ಲ.

ಆಸ್ಟಿನ್: ಅದು ಜಗಳವನ್ನು ಮುಚ್ಚಿಡುವ ಉಪಾಯ. ಆ ಗುರುತನ್ನು ನಾರ್ಮ್ ಕಾಕ್ಸ್ ಅನ್ನುವವರು 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ಬರೆದರು. ಇದು ಗಾಳಿಕಿಂಡಿ, ಕಿಟಕಿ ಬಿಸಿಯಾಗದಿರಲಿ ಅಂತ ಇಟ್ಟಿದ್ದೇವೆ ಅಂತ ಆಗ ತಮಾಷೆ ಮಾಡುತ್ತಿದ್ದರಂತೆ. ಫೋನಿನ ಕಿರಿದಾದ ಪರದೆಯಲ್ಲಿ ಅದಕ್ಕೊಂದು ಅರ್ಥವಿದೆ. ದೊಡ್ಡ ಪರದೆಯಲ್ಲಿ ಜಾಗ ಬಿದ್ದಿರುವಾಗ ಬಚ್ಚಿಡುವುದು ಯಾಕೆ? ನೀಲ್ಸನ್ ನಾರ್ಮನ್ ಗ್ರೂಪ್ 2016ರಲ್ಲಿ 179 ಮಂದಿಯೊಂದಿಗೆ ಪರೀಕ್ಷೆ ನಡೆಸಿತು. ಮೆನು ಬಚ್ಚಿಟ್ಟಾಗ ಜನ ಒಳಗಿನದನ್ನು ಕಂಡುಕೊಳ್ಳುವುದು ಸುಮಾರು ಅರ್ಧಕ್ಕೆ ಇಳಿಯಿತು.

ಹ್ಯೂಸ್ಟನ್: ಅದರಲ್ಲಿ ನನ್ನದೊಂದು ತಕರಾರಿದೆ. ನಾನು ಪರದೆಯನ್ನು ಶೇಕಡ 300ಕ್ಕೆ ಹಿಗ್ಗಿಸಿಕೊಂಡು ಓದುತ್ತೇನೆ. ಅಷ್ಟು ಹಿಗ್ಗಿಸಿದ ಕೂಡಲೇ ಸೈಟು ಇದು ಫೋನೇ ಇರಬೇಕು ಅಂದುಕೊಂಡು ಮೂರು ಗೆರೆಗಳನ್ನು ತಂದಿಡುತ್ತದೆ. ಹಾಗಾಗಿ ನನಗೆ ದೊಡ್ಡ ಪರದೆಯಲ್ಲೂ ಅದೇ ಗತಿ. ಕಣ್ಣು ಸೋತ ದಿನ ಸ್ಕ್ರೀನ್ ರೀಡರ್ ಹಾಕಿಕೊಂಡರೆ ಆ ಗುರುತಿನ ಮೇಲೆ ಬಂದು 'ಬಟನ್' ಅನ್ನುತ್ತದೆ, ಅಷ್ಟೇ. ಏನು ಬಟನ್, ಯಾಕೆ ಬಟನ್, ಹೇಳುವುದಿಲ್ಲ.

ಆಸ್ಟಿನ್: ಅದರ ಪಕ್ಕದಲ್ಲಿ 'ಮೆನು' ಅಂತ ಎರಡಕ್ಷರ ಬರೆದರೆ ಕಣ್ಣಿಗೂ ಆಯಿತು, ಕಿವಿಗೂ ಆಯಿತು. ಬರೆಯುವುದಿಲ್ಲ, ಅಂದ ಕೆಡುತ್ತದೆ ಅಂತಾರೆ.

ಡಲ್ಲಾಸ್: ಮತ್ತೆ ಆ ಕೆಳಗಿಳಿಯುವ ಮೆನು? ಮೌಸ್ ತಂದರೆ ಪಟ್ಟಿ ಬಿಚ್ಚಿಕೊಳ್ಳುವುದು?

ಹ್ಯೂಸ್ಟನ್: ಅದು ವಯಸ್ಸಾದವರ ಶತ್ರು. ಹೆಸರಿನ ಮೇಲೆ ಮೌಸ್ ಇಟ್ಟರೆ ಪಟ್ಟಿ ಇಳಿಯುತ್ತದೆ, ಅದರಲ್ಲೊಂದರ ಪಕ್ಕಕ್ಕೆ ಮತ್ತೊಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಬೇಕಾದ ಹೆಸರಿಗೆ ಓರೆಯಾಗಿ ಮೌಸ್ ಒಯ್ಯುತ್ತೇನೆ. ದಾರಿಯಲ್ಲಿ ಕೈ ಒಂದಿಷ್ಟು ನಡುಗಿ ಕೆಳಗಿನ ಸಾಲನ್ನು ತಾಗಿದರೆ ನನಗೆ ಬೇಕಿದ್ದ ಪಟ್ಟಿ ಮುಚ್ಚಿ ಬೇರೆ ಪಟ್ಟಿ ತೆರೆಯುತ್ತದೆ. ಮತ್ತೆ ಮೊದಲಿನಿಂದ.

ಆಸ್ಟಿನ್: ಅಮೆಜಾನ್ ಇದಕ್ಕೊಂದು ಪರಿಹಾರ ಮಾಡಿದೆ ಅಂತ ಬೆನ್ ಕೇಮನ್ಸ್ 2013ರಲ್ಲಿ ಬಿಡಿಸಿ ಬರೆದರು. ಮೌಸ್ ಇರುವ ಬಿಂದುವಿನಿಂದ ಪಕ್ಕದ ಪಟ್ಟಿಯ ಎರಡು ಮೂಲೆಗಳಿಗೆ ಕಾಣದ ಗೆರೆ ಎಳೆದರೆ ಒಂದು ತ್ರಿಕೋನವಾಗುತ್ತದೆ. ಮೌಸ್ ಆ ತ್ರಿಕೋನದೊಳಗೇ ಸಾಗುತ್ತಿದ್ದರೆ ಇವರು ಒಳಗೆ ಹೊರಟಿದ್ದಾರೆ ಅಂತ ತಿಳಿದು ಪಟ್ಟಿ ಮುಚ್ಚದೆ ಕಾಯುತ್ತದೆ. ಬಳಸುವವರಿಗೆ ಏನೂ ಕಾಣುವುದಿಲ್ಲ, ಕೆಲಸ ಸಲೀಸಾಗುತ್ತದೆ. ಆದರೆ ನಿಮ್ಮ ಬಳಗಕ್ಕೆ ಇಷ್ಟೆಲ್ಲ ಯಾಕೆ? ಪಟ್ಟಿಯೊಳಗೆ ಪಟ್ಟಿ ಬೇಡ ಅಂದರೆ ತ್ರಿಕೋನವೂ ಬೇಡ. ಇಳಿಯುವ ಪಟ್ಟಿ ಬೇಕೇ ಬೇಕೆಂದರೆ ಒತ್ತಿದಾಗ ತೆರೆಯಲಿ, ಒತ್ತಿದಾಗ ಮುಚ್ಚಲಿ. ಬೆರಳಿನ ಪರದೆಯಲ್ಲಿ ಮೌಸ್ ತೂಗಾಡಿಸಲು ಹೇಗೂ ಬರುವುದಿಲ್ಲ.

ಹ್ಯೂಸ್ಟನ್: ಕೀಲಿಮಣೆಯ ಟ್ಯಾಬ್ ಒತ್ತುತ್ತ ಹೋಗುವವರನ್ನೂ ಮರೆಯಬೇಡಿ. ಹದಿನಾಲ್ಕು ಹೆಸರು, ಒಂದೊಂದರ ಕೆಳಗೆ ನಾಲ್ಕೈದು ಇದ್ದರೆ ಪುಟದ ಮೊದಲ ವಾಕ್ಯ ಕೇಳುವಷ್ಟರಲ್ಲಿ ಸಾಕಾಗಿರುತ್ತದೆ. ಪುಟ ಬದಲಾಯಿಸಿದಾಗೆಲ್ಲ ಮತ್ತೆ ಅದೇ ಸಹಸ್ರನಾಮ.

ಆಸ್ಟಿನ್: ಮೆನು ದಾಟಿ ನೇರ ವಿಷಯಕ್ಕೆ ಹೋಗುವ ಒಂದು ಕೊಂಡಿಯನ್ನು ಪುಟದ ಮೊದಲಿಗೇ ಇಡಬೇಕು. ಡಬ್ಲ್ಯೂಸಿಎಜಿ ಅನ್ನುವ ಜಾಗತಿಕ ಮಾರ್ಗಸೂಚಿಯಲ್ಲಿ ಇದು ಕನಿಷ್ಠ ಮಟ್ಟದ ನಿಯಮ. ಈ ವಿಷಯದಲ್ಲಿ ನಮ್ಮ ಊರಿಗೆ ಒಂದು ಹೆಮ್ಮೆಯೂ ಇದೆ. ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಸ್ಲಾಟಿನ್ ಅಂತ ಇಂಗ್ಲಿಷ್ ಪ್ರಾಧ್ಯಾಪಕರಿದ್ದರು. ದೃಷ್ಟಿ ಕಳೆದುಕೊಂಡವರು. ಕಾಣದವರೂ ವೆಬ್ ಬಳಸುವಂತಾಗಬೇಕು ಅಂತ ಅಲ್ಲೊಂದು ಕೇಂದ್ರ ನಡೆಸಿದರು, ಈ ಮಾರ್ಗಸೂಚಿಯ ಎರಡನೇ ಆವೃತ್ತಿ ಬರೆದ ತಂಡದ ಸಹ ಅಧ್ಯಕ್ಷರಾಗಿದ್ದರು. 2008ರ ಮಾರ್ಚಿನಲ್ಲಿ ತೀರಿಕೊಂಡರು; ಆವೃತ್ತಿ ಹೊರಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅವರೊಂದಿಗೆ ಪುಸ್ತಕ ಬರೆದ ಶ್ಯಾರನ್ ರಶ್ 1999ರಲ್ಲಿ ಆಸ್ಟಿನ್ನಿನಲ್ಲಿ ಕಟ್ಟಿದ 'ನೋಬಿಲಿಟಿ' ಸಂಸ್ಥೆ ಇದನ್ನೇ ಕಲಿಸುತ್ತ ಬಂದಿದೆ.

ಡಲ್ಲಾಸ್: ಕಾನೂನಿನ ಪ್ರಕಾರ ಕಡ್ಡಾಯವೇ?

ಆಸ್ಟಿನ್: ಟೆಕ್ಸಾಸ್ ರಾಜ್ಯ ಸರ್ಕಾರದ ಸೈಟುಗಳಿಗೆ ಆಡಳಿತ ಸಂಹಿತೆಯ 206 ಮತ್ತು 213ನೇ ಅಧ್ಯಾಯಗಳಲ್ಲಿ ನಿಯಮಗಳಿವೆ. ಅವು ನಿಮ್ಮ ಬಳಗದ ಮೇಲಿಲ್ಲ. ಆದರೆ ನಿಮ್ಮ ಸದಸ್ಯರಲ್ಲಿ ಅರವತ್ತು ದಾಟಿದವರು ಎಷ್ಟಿದ್ದಾರೆ, ಊರಿನಿಂದ ಆರು ತಿಂಗಳಿಗೆ ಬಂದಿರುವ ಅಪ್ಪ ಅಮ್ಮಂದಿರು ಎಷ್ಟಿದ್ದಾರೆ, ಎಣಿಸಿ.

ಹ್ಯೂಸ್ಟನ್: ಮೆನು ಕನ್ನಡದಲ್ಲಿ ಇರಬೇಕೋ ಇಂಗ್ಲಿಷಿನಲ್ಲೋ?

ಡಲ್ಲಾಸ್: ಅದೂ ಜಗಳವೇ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಓದಲು ಬಾರದು, ಅಜ್ಜಿಗೆ ಇಂಗ್ಲಿಷ್ ಬೇಡ.

ಆಸ್ಟಿನ್: ಎರಡೂ ಇರಲಿ, ಒಂದೇ ಸಾಲಿನಲ್ಲಿ ಕಲಸುಮೇಲೋಗರ ಬೇಡ. ಮೇಲಿನ ಮೂಲೆಯಲ್ಲಿ ಭಾಷೆ ಬದಲಾಯಿಸುವ ಕೊಂಡಿ ಇಡಿ. 'ಕನ್ನಡ' ಅನ್ನುವುದನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ, ಬಾವುಟದ ಚಿತ್ರ ಬೇಡ. ಯಾವ ಭಾಷೆಗೆ ಹೋದರೂ ಹೆಸರುಗಳ ಅನುಕ್ರಮ ಬದಲಾಗದಿರಲಿ. ಕೋಡಿನಲ್ಲಿ ಇದು ಕನ್ನಡ ಅಂತ ಗುರುತು ಹಾಕಿ. ಹಾಕದಿದ್ದರೆ ಇವರ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ಗಂಟಲಿನಲ್ಲಿ ಓದಲು ಹೋಗಿ ಏನೇನೋ ಅನ್ನುತ್ತದೆ, ಇಲ್ಲವೇ ಸುಮ್ಮನೆ ದಾಟಿಬಿಡುತ್ತದೆ.

ಹ್ಯೂಸ್ಟನ್: ಒತ್ತಕ್ಷರದ ಕಥೆಯನ್ನೂ ಹೇಳಿ.

ಆಸ್ಟಿನ್: ಸಿದ್ಧ ವಿನ್ಯಾಸಗಳನ್ನು ಮಾಡುವವರು ಇಂಗ್ಲಿಷ್ ದೊಡ್ಡಕ್ಷರದ ಅಳತೆಗೆ ಮೆನುವಿನ ಪಟ್ಟಿ ಕತ್ತರಿಸಿರುತ್ತಾರೆ. ಅದರಲ್ಲಿ 'ಸಾಂಸ್ಕೃತಿಕ' ಅಂತ ಬರೆದರೆ ಕಾಲು ತುಂಡಾಗುತ್ತದೆ. 'ರಾಷ್ಟ್ರೀಯ' ಅಂದರೆ ಎರಡು ಒತ್ತು, ಗೆರೆಯ ಕೆಳಗೆ ಮಾಯ. ಸಾಲಿನ ಎತ್ತರ ಹೆಚ್ಚಿಸಬೇಕು. ಇಂಗ್ಲಿಷಿನಲ್ಲಿ ಅಂದಕ್ಕೆ ಅಕ್ಷರಗಳ ನಡುವೆ ಜಾಗ ಬಿಡುವ ಅಭ್ಯಾಸವಿದೆ. ಕನ್ನಡಕ್ಕೆ ಅದನ್ನು ಹಚ್ಚಿದರೆ ಪದವೇ ಚೆಲ್ಲಾಪಿಲ್ಲಿ. ಕೆಲಸ ಮುಗಿಯಿತು ಅನ್ನುವ ಮೊದಲು ಇಂಥ ನಾಲ್ಕು ಪದ ಹಾಕಿ ನೋಡಿ.

ಡಲ್ಲಾಸ್: ಒಂದು ಹುಡುಕು ಪೆಟ್ಟಿಗೆ ಇಟ್ಟರೆ ಈ ತಲೆನೋವೆಲ್ಲ ತಪ್ಪುವುದಿಲ್ಲವೇ?

ಆಸ್ಟಿನ್: ಇಡಿ. ಆದರೆ ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಉಗಾದಿ ಅಂತ ಹೊಡೆಯುತ್ತಾರೆ, ಇನ್ನೊಬ್ಬರು ಯುಗಾದಿ ಅಂತ. ನಿಮ್ಮ ಪುಟದಲ್ಲಿ ಇರುವುದು ಕನ್ನಡ ಲಿಪಿಯ 'ಯುಗಾದಿ'. ಸಣ್ಣ ಸೈಟಿನ ಹುಡುಕಾಟಕ್ಕೆ ಮೂರೂ ಬೇರೆ ಬೇರೆ. ಏನೂ ಸಿಗಲಿಲ್ಲ ಅನ್ನುತ್ತದೆ. ಮೆನು ಸರಿಯಿದ್ದ ಮೇಲೆ ಹುಡುಕಾಟ ಉಪಕಾರಿ, ಅದಿಲ್ಲದೆ ಇದು ಆಧಾರವಾಗದು.

ಡಲ್ಲಾಸ್: ಹಾಗಾದರೆ ತೀರ್ಪು ಹೇಳಿಬಿಡಿ.

ಆಸ್ಟಿನ್: ಕಾರ್ಯಕ್ರಮಗಳು, ಮಕ್ಕಳ ಕನ್ನಡ ತರಗತಿ, ಸದಸ್ಯತ್ವ ಮತ್ತು ದೇಣಿಗೆ, ಬಳಗದ ಬಗ್ಗೆ, ಸಂಪರ್ಕ. ಐದು ಸಾಕು. ಲಾಂಛನ ಒತ್ತಿದರೆ ಮುಖಪುಟ. ಚಿತ್ರಗಳು ಆಯಾ ಕಾರ್ಯಕ್ರಮದ ಪುಟದಲ್ಲಿ. ಪ್ರಾಯೋಜಕರ ಲಾಂಛನಗಳು ಮುಖಪುಟದಲ್ಲೇ ಕಾಣಲಿ, ಅವರಿಗೂ ಅದೇ ಹಿತ. ಸಮಿತಿ, ಬೈಲಾ, ಅಧ್ಯಕ್ಷರ ನುಡಿ ಎಲ್ಲ 'ಬಳಗದ ಬಗ್ಗೆ' ಒಳಗೆ.

ಡಲ್ಲಾಸ್: ಹಿಂದಿನ ಸಮಿತಿಗಳವರು? ಸಂಬಳವಿಲ್ಲದೆ ವಾರಾಂತ್ಯಗಳನ್ನು ಸುರಿದವರು. ಅವರಿಗೆ ಸಿಕ್ಕ ಗೌರವ ಅಂದರೆ ಆ ಹೆಸರು ಒಂದೇ.

ಹ್ಯೂಸ್ಟನ್: ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬಳಗ ಅಂಗಡಿಯಲ್ಲ, ಬಂದವರಷ್ಟೇ ಇದ್ದವರೂ ಮುಖ್ಯ. ಅವರಿಗೆ ಒಳಗೆ ಒಂದು ಒಳ್ಳೆಯ ಪುಟ ಮಾಡಿ. ವರ್ಷವಾರು ಹೆಸರು, ಫೋಟೊ, ಆ ವರ್ಷ ಏನೇನು ನಡೆಯಿತು ಅನ್ನುವ ನಾಲ್ಕು ಸಾಲು. ಈಗ ಮೆನುವಿನಲ್ಲಿ ಬರೀ ಒಂದು ಹೆಸರಾಗಿ ನೇತಾಡುವುದಕ್ಕಿಂತ ಅದು ದೊಡ್ಡ ಗೌರವ.

ಆಸ್ಟಿನ್: ನನ್ನ ಐದು ಹೆಸರನ್ನೂ ಕಣ್ಣು ಮುಚ್ಚಿ ಒಪ್ಪಬೇಡಿ. ಚೀಟಿಗಳ ಮೇಲೆ ಒಂದೊಂದು ಪುಟದ ಹೆಸರು ಬರೆದು ನಾಲ್ಕಾರು ಸದಸ್ಯರ ಕೈಗೆ ಕೊಡಿ. ಯಾವುದು ಯಾವುದರ ಜೊತೆ ಸೇರುತ್ತದೆ, ಗುಂಪಿಗೆ ಏನು ಹೆಸರು, ಅವರೇ ಜೋಡಿಸಲಿ. ಸಮಿತಿಯಲ್ಲಿ ಇಲ್ಲದವರೇ ಆಗಲಿ.

ಡಲ್ಲಾಸ್: ಆಮೇಲೂ ಸಮಿತಿ ಒಪ್ಪದಿದ್ದರೆ?

ಹ್ಯೂಸ್ಟನ್: ಸಮಿತಿಯ ಸಭೆಗೇ ಒಬ್ಬರನ್ನು ಕರೆಯಿರಿ. ನಿಮ್ಮ ಸೈಟನ್ನು ಒಮ್ಮೆಯೂ ನೋಡದವರನ್ನು. ಮೂರು ಪ್ರಶ್ನೆ ಕೊಡಿ: ಮಗುವಿನ ಕನ್ನಡ ತರಗತಿ ಯಾವ ದಿನ, ಯುಗಾದಿ ಕಾರ್ಯಕ್ರಮ ಎಲ್ಲಿ, ಸದಸ್ಯತ್ವಕ್ಕೆ ಎಷ್ಟು. ಅವರು ಹುಡುಕುವಾಗ ಸಮಿತಿಯವರು ಬಾಯಿ ಬಿಡಬಾರದು, ಬೆರಳು ತೋರಿಸಬಾರದು. ಮೂರಕ್ಕೂ ತಡಕಾಡದೆ ಉತ್ತರ ಸಿಕ್ಕರೆ ಹದಿನಾಲ್ಕೂ ಇರಲಿ, ನನ್ನದೇನೂ ಅಭ್ಯಂತರವಿಲ್ಲ. ಸಿಗದಿದ್ದರೆ ಯಾವುದನ್ನು ತೆಗೆಯಬೇಕು ಅಂತ ಮತ ಹಾಕುವ ಅಗತ್ಯವೇ ಬೀಳುವುದಿಲ್ಲ.